ಬಿಳಿ ದಾರದ ತುದಿ

ಬೆಳಕು ನೇರವಾಗಿ ಕಣ್ಣಿಗೆ ಹೊಡೆಯಿತು, ಮರುಗಳಿಗೆ ಕೆಳಗೆ ಸರಿಯಿತು, ಸರಿಸಿದವಳು ಕೊಟ್ರಮ್ಮ, ಹಲ್ಲಿನ ಡಾಕ್ಟರ ಪಕ್ಕ ನಿಂತು ಸಾಮಾನು ಎತ್ತಿಕೊಡುವವಳು, ಯಾರೂ ಹೇಳದೆಯೇ ದೀಪದ ಕತ್ತನ್ನು ಎರಡು ಬೆರಳಿನಷ್ಟು ಬಗ್ಗಿಸಿದಳು, ಇಷ್ಟು ಸಣ್ಣದೂ ಒಬ್ಬರ ಕಣ್ಣಿಗೆ ಬೀಳುತ್ತದಲ್ಲ ಅಂದುಕೊಂಡಳು ಗುರುಬಸಮ್ಮ, ಅನ್ನಲಾಗಲಿಲ್ಲ, ಬಾಯಿ ತೆರೆದೇ ಇತ್ತು, ಬಾಯೊಳಗೆ ಕನ್ನಡಿ, ತಣ್ಣನೆಯ ಕಡ್ಡಿ, ಕಿಟಕಿಯ ಕೆಳಗೆ ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಕೊಟ್ಟೂರು ಕೊಟ್ಟೂರು ಎಂದು ಕೂಗುತ್ತಿದ್ದಾನೆ, ಅಂಗಾತ ಮಲಗಿದ ಈ ಕುರ್ಚಿಯಿಂದ ಫ್ಯಾನು ಮಾತ್ರ ಕಾಣುತ್ತದೆ. ಟೀಚರ್, ಮುಂದಿನ ಹಲ್ಲು ಅಳ್ಳಾಡಾಕ ಹತ್ತೈತಿ, ಕೀಳಬೇಕಂತಿಲ್ಲ, ಉಳಿಸಬಹುದು, ಅಂದಳು ಡಾಕ್ಟರ್ ಅರ್ಚನಾ, ಮೊಮ್ಮಗಳ ವಯಸ್ಸಿನವಳು, ಆದರ ವಸಡು ಹಲ್ಲಿನಿಂದ ಬಿಟ್ಟು ಅಂಗಿ ಕಿಸೆಯಂಗ ಆಗೈತ್ರಿ, ಅದರೊಳಗ ಕೊಳಿ ಕೂತು ಕಲ್ಲಾಗೈತಿ, ಇವತ್ತೊಂದಿನ, ಮುಂದಿನ ವಾರ ಒಂದಿನ ಕ್ಲೀನ್ ಮಾಡ್ತೀನಿ, ರಕ್ತ ತಾನಾಗೇ ನಿಲ್ತೈತಿ. ಅಂಗಿ ಕಿಸೆ — ಈ ಹುಡುಗಿಗೆ ಹೇಗೆ ಗೊತ್ತಿರಬೇಕು, ನಲವತ್ತು ವರ್ಷ ಮನೆಯ ಮುಂಗೋಣೆಯಲ್ಲಿ ಅಂಗಿಗಳಿಗೆ ಕಿಸೆ ಹೊಲಿದವರ ಹೆಂಡತಿ ನಾನು ಎಂದು, ಅವರು ಹೋಗಿ ನಾಲ್ಕು ವರ್ಷ, ಮಷಿನ್ನಿನ ಮೇಲೆ ಹಳೆಯ ಸೀರೆ ಹೊದಿಸಿಟ್ಟಿದ್ದೇನೆ ಎಂದು.

ಕೈಯೆತ್ತಿ ತಡೆದಳು, ಎದ್ದು ಕೂತಳು, ಕ್ಲೀನ್ ಮಾಡಿಸಿದ್ರ ಇದ್ದ ಹಲ್ಲೂ ಸಡ್ಲಾಗ್ತಾವಂತಲ್ಲವ್ವಾ. ಕೊಟ್ರಮ್ಮ ಕಿಸಕ್ಕನೆ ನಕ್ಕು ಸೆರಗು ಅಡ್ಡ ಹಿಡಿದಳು, ಡಾಕ್ಟರೂ ನಕ್ಕಳು, ಹತ್ತು ಮಂದಿ ಬಂದ್ರ ಒಂಬತ್ತು ಮಂದಿ ಇದನ್ನ ಕೇಳ್ತಾರ, ನೀವು ಪಾಠ ಹೇಳಿದೋರು ಸೈತ ಹಿಂಗಂದ್ರ ಹೆಂಗ್ರಿ, ನಿಮಗ್ಯಾರು ಹೇಳಿದ್ರು? ಯಾರು ಹೇಳಿದರು — ಉಜ್ಜಿನಿಯ ದೊಡ್ಡಮ್ಮ, ದಾವಣಗೆರೆಗೆ ಹೋಗಿ ಹಲ್ಲು ಕ್ಲೀನ್ ಮಾಡಿಸಿಕೊಂಡು ಬಂದು ಎರಡೇ ತಿಂಗಳಲ್ಲಿ ಮೂರು ಹಲ್ಲು ಉದುರಿಸಿಕೊಂಡವಳು, ಆಕೆ ನನಗೆ ಹೇಳಿದಳು, ಡಾಕ್ಟರಿಗೆ ಅಷ್ಟೇ ಅಂದೆ, ನಾನು ನಮ್ಮ ಮನೆಯವರಿಗೆ ಹೇಳಿದ್ದು ಒಳಗೇ ಉಳಿಯಿತು. ತೊಂಬತ್ತೈದನೇ ಇಸವಿ, ನಮ್ಮ ಶಾಲೆಯ ವರಾಂಡದಲ್ಲೇ ಹಲ್ಲಿನ ಕ್ಯಾಂಪು, ಕುರ್ಚಿ ಟೇಬಲ್ಲು ಹಾಕಿಸಿದವಳು ನಾನು, ಮಕ್ಕಳನ್ನು ಸಾಲಾಗಿ ಕಳಿಸಿದವಳು ನಾನು, ಅವರು ಒಗೆದ ಅಂಗಿ ಹಾಕಿಕೊಂಡು ಗೇಟಿನ ತನಕ ಬಂದು ನಿಂತಿದ್ದರು, ನಾನೂ ತೋರಿಸ್ಲೇನು ಅಂದರು, ನಿಮಗ್ಯಾಕ್ರಿ ಬ್ಯಾಡದ ಉಸಾಬರಿ, ಗಟ್ಟಿ ಹಲ್ಲು ಅದಾವ, ಕೆರೆಸಿಕೊಂಡು ಉದುರಿಸಿಕೋಬ್ಯಾಡ್ರಿ, ಮನಿಗೆ ನಡೀರಿ ಅಂದೆ. ನಡೆದರು. ಹೆಂಡತಿ ಓದಿದವಳು, ಆಕೆಗೆ ಗೊತ್ತಿರುತ್ತದೆ ಎಂಬ ಭರವಸೆಯಲ್ಲಿ, ಹಿಂತಿರುಗಿ ನೋಡದೆ. ನಿಮ್ಮ ದೊಡ್ಡಮ್ಮನ ಹಲ್ಲನ್ನ ಕ್ಲೀನಿಂಗು ಬೀಳಿಸಲಿಲ್ರಿ, ಅನ್ನುತ್ತಿದ್ದಾಳೆ ಡಾಕ್ಟರ್, ಒಳಗಿನ ಎಲುಬು ಆಗ್ಲೇ ಕರಗಿತ್ತು, ಆ ಕಲ್ಲೇ ಹಿಡಕೊಂಡಿತ್ತು, ಮದಲಾ ಬಂದಿದ್ರ ಒಂದೂ ಬೀಳ್ತಿರಲಿಲ್ಲ. ಮೊದಲೇ ಬಂದಿದ್ದರೆ. ಗೇಟಿನ ತನಕ ಬಂದಿದ್ದರಲ್ಲ.

ಮಾಡವ್ವಾ, ಅಂದಳು ಗುರುಬಸಮ್ಮ, ಮತ್ತೆ ಒರಗಿದಳು. ಸೂಜಿ ಚುಚ್ಚಿತು, ತುಟಿ ದಪ್ಪಗಾಯಿತು, ಯಂತ್ರ ಗುಂಯ್ ಎಂದಿತು, ಹೊಲಿಗೆ ಮಷಿನ್ನಿನ ಸದ್ದೇ, ಅವರು ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದರು, ಕಟ್ ಎಂದು, ಕತ್ತರಿ ಅರಿವೆಗೆ, ದಾರಕ್ಕೆ ಹಲ್ಲು ಐತಲ್ಲ ಅನ್ನುತ್ತಿದ್ದರು, ಆ ನಗು ಬಾಗಿಲಿನಿಂದ ಬೀದಿಗೆ ಕಾಣುತ್ತಿತ್ತು. ಆಮೇಲೊಂದು ದಿನ ತಂಬ್ರಹಳ್ಳಿ ಮಂಜಣ್ಣನ ಮದುವೆಯ ಬಿಳಿ ಅಂಗಿ, ಗುಂಡಿಯ ಹತ್ತಿರ ದಾರದ ತುದಿಗೆ ಕೆಂಪು, ಸಾಸಿವೆಯಷ್ಟು ಕೆಂಪು, ಏನ್ರಿ ಇದು, ಏನಿಲ್ಲ, ಸೂಜಿ ಚುಚ್ಚಿತು. ಬೆರಳು ಮುಂದೆ ಮಾಡಿದರು, ಅರಿಶಿನ ಹಚ್ಚಿ ಅರಿವೆ ಕಟ್ಟಿದೆ, ಗಾಯ ಎಲ್ಲಿ ಎಂದು ಹುಡುಕಲಿಲ್ಲ, ಗಾಯವೇ ಇಲ್ಲದ ಬೆರಳಿಗೆ ಎರಡು ದಿನ ಕಟ್ಟು ಕಟ್ಟಿಕೊಂಡು ಓಡಾಡಿದರು ಪುಣ್ಯಾತ್ಮ. ಆ ವಾರವೇ ಮಷಿನ್ನು ತಿರುಗಿತು, ಬಾಗಿಲಿಗಿದ್ದ ಮುಖ ಗೋಡೆಗೆ, ಬೆಳಕು ಕಣ್ಣಿಗೆ ಹೊಡಿತೈತಿ ಅಂದರು, ಮುಖ ಗೋಡೆಗೆ, ಕೈ ಮಾತ್ರ ಹಿಂದಕ್ಕೆ ಚಾಚಿ, ಗುರುಬಸೀ, ಕತ್ತರಿ ಕೊಡು. ಕೊಟ್ಟೆ. ದಾರಕ್ಕೆ ಈಗ ಕತ್ತರಿ ಯಾಕೆ ಎಂದು ಕೇಳಲಿಲ್ಲ. ಸೋಮವಾರ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಇಡೀ ಶಾಲೆಯ ಮಕ್ಕಳಿಗೆ ಈಈ ಅನ್ರಿ, ಹಲ್ಲು ತೋರಿಸ್ರಿ ಅನ್ನುತ್ತಿದ್ದವಳು ನಾನು.

ಉಗುಳ್ರಿ ಟೀಚರ್. ಕೊಟ್ರಮ್ಮ ಬೆನ್ನಿಗೆ ಕೈಕೊಟ್ಟು ಎಬ್ಬಿಸಿದಳು, ಲೋಟದ ನೀರು ಉಗುರುಬೆಚ್ಚಗಿತ್ತು, ತಣ್ಣೀರು ಝುಂ ಅಂತೈತಿ ಅಂತ ಕಾಸಿ ತಂದೀನ್ರಿ. ಕೆಂಪು ನೀರು ಬಿಳಿ ತೊಟ್ಟಿಯಲ್ಲಿ ಸುತ್ತಿ ಇಳಿಯಿತು. ಈ ರೋಗ ನೋವು ಕೊಡಂಗಿಲ್ರಿ, ಅದಕ್ಕ ಯಾರೂ ಬರಂಗಿಲ್ಲ, ಡಾಕ್ಟರ್ ಕೈಗವಸು ಕಳಚುತ್ತ ಹೇಳುತ್ತಿದ್ದಾಳೆ, ವಾಸನಿ ಬರತೈತಿ, ಮನಿಯೋರ ಮುಂದ ಬಾಯಿ ತೆಗಿಯಾಕ ನಾಚ್ಕಂತಾರ, ಲವಂಗ ಹಾಕ್ಕಂಡು ಅಡ್ಡಾಡ್ತಾರ, ಎಷ್ಟೋ ಮಂದಿ ಹಾಸಿಗಿ ಸೈತ ಬ್ಯಾರೆ ಮಾಡ್ಕಂಡಿರ್ತಾರ, ಪಾಪ. ಲವಂಗ — ಅವರ ಅಂಗಿಯ ಕಿಸೆಯಲ್ಲಿ ಲವಂಗ, ತೀರಿಕೊಂಡ ದಿನ ಕಳಚಿದ ಅಂಗಿಯಲ್ಲೂ ನಾಲ್ಕಿದ್ದವು, ಇವರಿಗೇನು ಈ ವಯಸ್ಸಿನಲ್ಲಿ ಶೋಕಿ ಅಂದುಕೊಂಡಿದ್ದೆ, ಹಾಸಿಗೆ ಪಡಸಾಲೆಗೆ ಹೋಯಿತು, ಒಳಗ ಸೆಖಿ ಅಂದರು, ಮಾಗಿಯಲ್ಲಿ ಎಂಥ ಸೆಖೆ, ನನ್ನ ಮೇಲೆ ಬೇಸರ ಅಂದುಕೊಂಡೆ, ಸಂಬಳ ತರುವ ಹೆಂಡತಿ ಬೇಡವಾದಳು ಅಂದುಕೊಂಡೆ, ನಾನೂ ಬಿಗಿದುಕೊಂಡೆ, ತಾಟು ಇಟ್ಟು ಎದ್ದು ಹೋಗುತ್ತಿದ್ದೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು, ನನ್ನ ರೊಟ್ಟಿಗೂ ಕೊಂಕೇನು ಅಂತ ಅದಕ್ಕೂ ಸಿಟ್ಟು, ಹೀಗೇ ವರ್ಷಗಟ್ಟಲೆ ನಡೆಯಿತು, ಮುಖ ಕೊಟ್ಟು ಮಾತಾಡ್ರಿ, ನಾನೇನು ಮಾಡೀನಿ ಅಂತ ಒಂದು ದಿನ ಕೂಗಿದೆ, ಪೆಡಲಿನ ಮೇಲೆ ಕಾಲು ನಿಂತಿತು, ಭುಜ ಒಮ್ಮೆ ಏರಿ ಇಳಿಯಿತು, ತಿರುಗುತ್ತಾರೆ ಅಂದುಕೊಂಡೆ, ತಿರುಗಲಿಲ್ಲ, ಕೈ ಹಿಂದಕ್ಕೆ ಬಂತು, ಕತ್ತರಿ ಕೊಡು.

ನೋಡ್ರಿ ಟೀಚರ್, ದಿನಾ ಹಲ್ಲಿನ ಸಂದಿನಾಗ ಹಿಂಗ ದಾರ ಆಡಿಸಬೇಕು, ರಕ್ತ ಬಂತಂತ ಬಿಡಬ್ಯಾಡ್ರಿ, ರಕ್ತ ಬರೋ ಜಾಗಾನ ಮೆತ್ತಗ ಮುಟ್ಟಬೇಕು, ಬಿಟ್ಟಷ್ಟೂ ಒಳಗ ತಿಂತೈತಿ, ಡಾಕ್ಟರ್ ಆಡಿಸಿ ತೆಗೆದು ಗುರುಬಸಮ್ಮನ ಅಂಗೈಯಲ್ಲಿ ಇಟ್ಟಳು, ಒಂದು ಗೇಣು ದಾರ, ಬಿಳಿಯದು, ತುದಿಗೆ ಕೆಂಪು, ಯಾಕ್ರಿ ಟೀಚರ್ ಕಣ್ಣಾಗ ನೀರು, ನೋಯ್ತೈತೇನ್ರಿ, ಇಲ್ಲವ್ವ, ನೋಯಂಗಿಲ್ಲ, ಕೊಟ್ಟೂರು ಕೊಟ್ಟೂರು, ಬಸ್ಸು ಹೊರಟಿತು, ಕೊಟ್ರಮ್ಮನ ಕೈ ಬೆನ್ನ ಮೇಲೇ ಇದೆ, ಬಿಳಿ ದಾರ, ಸಾಸಿವೆಯಷ್ಟು ಕೆಂಪು, ಗೋಡೆಗೆ ಮುಖ, ಹಿಂದಕ್ಕೆ ಚಾಚಿದ ಕೈ, ಅಂಗೈ ತೆರೆದೇ ಇದೆ — ಗುರುಬಸೀ — ಅಂಗೈ ತೆರೆದೇ ಇದೆ —