ಹನುಮವ್ವನ ಸಾಕ್ಷಿ

ಗಜೇಂದ್ರಗಡದ ನೇಕಾರ ಓಣಿಯಲ್ಲಿ ನೂಲಿಗೆ ಗಂಜಿ ಹಚ್ಚುವುದು ಮನೆಯೊಳಗಲ್ಲ, ನಡುಬೀದಿಯಲ್ಲಿ. ಎಳೆಗಳನ್ನು ಓಣಿಯುದ್ದ ಬಿಗಿದು ಕಟ್ಟಿ, ಹುಳ ಹತ್ತದಿರಲೆಂದು ಮೈಲುತುತ್ತದ ವಿಷ ಬೆರೆಸಿದ ಗಂಜಿಯನ್ನು ಕುಂಚದಿಂದ ಸವರುತ್ತಾರೆ. ಹಾಗಾಗಿ ಅನ್ನಪೂರ್ಣ ತನ್ನ ಅತ್ತೆಯ ಕೈಯೊಳಗಿನ ಬಟ್ಟಲು ಬಡಿದು ಕೆಡವಿದ್ದನ್ನು ಇಡೀ ಓಣಿ ನೋಡಿತು. ಬಟ್ಟಲಲ್ಲಿ ಇದ್ದದ್ದು ನೂಲಿನ ಗಂಜಿ ಎಂಬುದನ್ನು ಮಾತ್ರ ಯಾರೂ ನೋಡಲಿಲ್ಲ.

ಹರೆಯದಿಂದಲೂ ಅದೇ ಗಂಜಿ ಕಾಸಿದ ಅತ್ತೆ ಹನುಮವ್ವನಿಗೆ ಈಗ ಅದು ಊಟವಾಗಿ ಕಂಡಿತ್ತು. "ಉಣ್ಣಾಕ ಕೊಡವಲ್ಲಳು. ಕೊಟ್ರ ವಿಷಾ ಹಾಕಿ ಕೊಡ್ತಾಳ," ಎಂದು ಬೀದಿಯಲ್ಲೇ ಕುಕ್ಕರಿಸಿ, ಹಾದುಹೋದವರಿಗೆಲ್ಲ ಹೇಳಿದಳು.

ಅಷ್ಟು ಸಾಕಾಯಿತು. ಹನುಮವ್ವನ ಮಗಳು ವಿದ್ಯಾಶ್ರೀ ನರಗುಂದದಿಂದ ಬಂದಿಳಿದವಳೇ ಅಡುಗೆಮನೆಯ ಡಬ್ಬಿಗಳನ್ನು ಮೂಸಿ ನೋಡಿದಳು. ಓಣಿಯ ಹಿರಿಯ ವೀರಪ್ಪ ಹನುಮವ್ವನ ಮನೆಯ ಕಟ್ಟೆಯ ಮೇಲೇ ಪಂಚಾಯ್ತಿ ಕೂಡಿಸಿದ. ತಪ್ಪು ಅನ್ನಪೂರ್ಣಳದೇ ಎಂದಾದರೆ ಅವಳನ್ನು ರಾಜೂರಿನ ತವರಿಗೆ ಅಟ್ಟುವುದು, ಮತ್ತೆ ಮಗ್ಗ ಮುಟ್ಟಗೊಡುವುದಿಲ್ಲ ಎಂಬ ಮಾತು ನೀರು ತರುವಾಗಲೇ ಅವಳ ಕಿವಿಗೆ ಬಿದ್ದಿತ್ತು.

"ದವಾಖಾನ್ಯಾಗ ಹೇಳ್ಯಾರ್ರಿ, ಅಲ್ಝೈಮರ್ ಅಂತ. ಮಿದುಳು ಸವೆಯೂ ರೋಗ. ಸಂಶೇನೂ ಅದರಾಗ ಬರ್ತದಂತ," ಎಂದಳು ಅನ್ನಪೂರ್ಣ.

"ಸೊಸ್ತೇರ ಕಾಟಕ್ಕೂ ಈಗ ಇಂಗ್ಲಿಷ್ ಹೆಸರು ಬಂದಾವ ನೋಡ್ರಪಾ," ಎಂದ ವೀರಪ್ಪ. ಕಟ್ಟೆಯ ಮೇಲಿದ್ದವರು ನಕ್ಕರು.

"ನಮ್ಮವ್ವ ಸುಮ್ಮಸುಮ್ಮನ ಯಾಕ ಹೇಳ್ಯಾಳು?" ಎಂದಳು ವಿದ್ಯಾಶ್ರೀ.

ಅನ್ನಪೂರ್ಣಳ ಗಂಡ ಈರೇಶ ಕಂಬಕ್ಕೆ ಆತು ನಿಂತಿದ್ದ. ದವಾಖಾನೆಗೆ ಅವನೂ ಬಂದಿದ್ದ, ಡಾಕ್ಟರರ ಮಾತು ಅವನೂ ಕೇಳಿದ್ದ. ಈಗ ಬಾಯಿ ಬಿಡಲೊಲ್ಲ. ಇವನೂ ನನ್ನ ನಂಬಲಿಲ್ಲವೇನು? ಮುಂಜಾನೆ ನಾನು ಕೊಟ್ಟ ಚಹಾ ಹಾಗೇ ಬಿಟ್ಟು ಹೋದನಲ್ಲ, ಯಾಕೆ? ಅತ್ತೆಯ ಸಂಶಯದ ರೋಗ ತನಗೂ ಹತ್ತಿತೇನೋ ಎನಿಸಿತು ಅನ್ನಪೂರ್ಣಳಿಗೆ.

ಆಮೇಲೆ ವಿದ್ಯಾಶ್ರೀಯ ಕೈಯಿಂದಲೇ ಹಾಲು ರೊಟ್ಟಿ ಕಲಸಿಸಿದಳು. "ನಾ ಮುಟ್ಟಿಲ್ಲ, ಎಲ್ಲಾರೂ ನೋಡೀರಿ," ಎಂದು ಗಂಡನತ್ತ ತಿರುಗಿದಳು. "ತಾಟು ಹಿಡೀರಿ, ನೀವ ಉಣ್ಣಸ್ರಿ."

ಈರೇಶ ತುತ್ತು ಎತ್ತಿದ. ಹನುಮವ್ವ ಮಗನ ಮುಖ ನೋಡಿದಳು, ತಾಟು ನೋಡಿದಳು, ಮತ್ತೆ ಮುಖ ನೋಡಿದಳು.

"ಇದರಾಗ ಏನ್ ಹಾಕೀಯೋ? ಮನಿ ನುಂಗಾಕ ನನ್ನ ಕೊಲ್ಲಾಕ ಬಂದೀಯೇನ?"

ಕಟ್ಟೆ ಗೊಳ್ಳೆಂದಿತು. "ಪಾಪ, ಮುದುಕಿಗೆ ತಿಳೀವಲ್ದು," ವೀರಪ್ಪ ಲೊಚಗುಟ್ಟಿದ. "ವಯಸ್ಸಾತಲ್ಲ."

"ಹೌದ್ರಿ ಯಜಮಾನ್ರ," ಅನ್ನಪೂರ್ಣಳ ದನಿ ಏರಲಿಲ್ಲ. "ನನ್ನ ಹೆಸರು ಹೇಳಿದಾಗ ಅದು ಸಾಕ್ಷಿ ಆತು. ಮಗನ ಮ್ಯಾಲ ಹೇಳಿದ ಕೂಡ್ಲೆ ವಯಸ್ಸಾತೇನ್ರಿ?"

ವೀರಪ್ಪ ಎಲೆಯಡಿಕೆ ಚೀಲದೊಳಗೆ ಏನೋ ಹುಡುಕತೊಡಗಿದ. ಈರೇಶ ತಾಟನ್ನು ಕೆಳಗಿಡಲು ಬಗ್ಗಿದ.

"ಇಡಬ್ಯಾಡ್ರಿ. ಆಕಿ ಬಾಯಿ ತೆರೆಯೂತನಾ ಹಿಡೀರಿ. ನಾ ದಿನಾ ಹಿಡೀತೀನಿ." ಇಷ್ಟು ಹೇಳಿ ಅನ್ನಪೂರ್ಣ ಒಳಗೆ ನಡೆದು ಮಗ್ಗಕ್ಕೆ ಕೂತಳು. ಏಳು ಎನ್ನಲು ಯಾರೂ ಬರಲಿಲ್ಲ.