ಬೂಟು ನೆನೆಯದ ಸಮೀಕ್ಷೆ

ಕೆರೆ ಸಮೀಕ್ಷಕನಿಗೆ ನೀರೆಂದರೆ ಅಷ್ಟಕ್ಕಷ್ಟೆ, ಮಾತೆಂದರೆ ಪ್ರಾಣ. ಊರ ಸುತ್ತಲಿನ ಹನ್ನೊಂದು ಕೆರೆಗಳಿಗೆ ಇಳಿದು, ಮೀನು ಎಲ್ಲೆಲ್ಲಿ ಮರಿ ಮಾಡುತ್ತದೆಂದು ಕಣ್ಣಾರೆ ಕಂಡು ಬರೆಯುವುದು ಅವನ ಕೆಲಸ. ಮರಿ ಇದ್ದ ಕಡೆ ಜೊಂಡು ಕೀಳುವಂತಿಲ್ಲ. ಆದರೆ ಕಚೇರಿಯಲ್ಲಿ ಅವನಿಗೆ ಹೆಸರು ಬಂದಿದ್ದು ಕಂಡಕಂಡವರ ದನಿ ಅನುಕರಿಸಿ ನಗಿಸುವುದರಿಂದ.

ಆವತ್ತು ಊಟದ ಹೊತ್ತಿಗೆ ಏಳನೇ ಕೆರೆಯ ಬಲೆಗಾರ ಅಜ್ಜನ ಸರದಿ. ಬೆನ್ನು ಬಗ್ಗಿಸಿ, ಎದೆ ಹಿಡಿದುಕೊಂಡು ಶುರುಮಾಡಿದ. “ಖೊ... ಖೊ... ಜೊಂಡಲ್ಲಿ ಮರಿ ಇದಾವೆ ಸಾರ್... ಖೊ... ಬರ್ಕೊಳಿ ಸಾರ್...”

ಟೈಪಿಸ್ಟ್ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ತಟ್ಟನೆ ಕಣ್ಸನ್ನೆ ಮಾಡಿದಳು. ಬಾಗಿಲಲ್ಲಿ ಅಜ್ಜನೇ ನಿಂತಿದ್ದ. ಒದ್ದೆ ಕಾಲು, ಕೈಯಲ್ಲೊಂದು ಗಾಜಿನ ಬಾಟಲಿ.

“ಬನ್ನಿ ಅಜ್ಜಾ... ಕೂತ್ಕೊಳಿ,” ಎಂದ ಸಮೀಕ್ಷಕ. ಬಗ್ಗಿಸಿದ್ದ ಬೆನ್ನು ನೆಟ್ಟಗೆ ಮಾಡಿಕೊಂಡು ಕುರ್ಚಿ ಎಳೆದುಕೊಟ್ಟ.

“ಕೂರೋಕೆ ಬಂದಿಲ್ಲ ಸಾರ್. ಬೆಳಿಗ್ಗೆಯಿಂದ ಯಂತ್ರ ಜೊಂಡು ಕೀಳ್ತಾ ಇದೆ. ಮರಿ ಇಲ್ಲ ಅಂತ ನಿಮ್ಮ ಸಹಿ ಇದೆಯಂತಲ್ಲ?”

ಅಜ್ಜ ಬಾಟಲಿಯನ್ನು ಮೇಜಿನ ಮೇಲಿಟ್ಟ. ಒಳಗೆ ಜೀರಿಗೆಯಷ್ಟೇ ಮರಿಗಳು, ಮೈಗಿಂತ ಕಣ್ಣೇ ದೊಡ್ಡವು.

ಸಹಿ ಹಾಕಿದ ದಿನ ಸಮೀಕ್ಷಕನಿಗೆ ಚೆನ್ನಾಗಿ ನೆನಪಿತ್ತು. ಕಾಲಲ್ಲಿ ಹೊಸ ಬೂಟು, ಎದುರಿಗೆ ಮೊಣಕಾಲುದ್ದ ಕೆಸರು. ಏರಿಯ ಮೇಲೆ ಕೂತೇ ‘ಇಲ್ಲ’ ಎಂದು ಗೀಚಿದ್ದ. ಎದೆಮಟ್ಟದ ನೀರಿನಿಂದ ಅಜ್ಜ ಕೈಬೀಸಿ ಕರೆದರೆ ಇವನೂ ಕೈಬೀಸಿ, ಟಾಟಾ ಮಾಡಿ ಬಂದಿದ್ದ.

“ಆ ಕೆಮ್ಮು... ಸುಮ್ನೆ ತಮಾಷೆಗೆ ಅಜ್ಜಾ...”

“ಕೆಮ್ಮು ಸರಿಯಾಗೇ ಇತ್ತು ಬಿಡಿ. ನಂಗೆ ನಲವತ್ತು ವರ್ಷ ನೀರಲ್ಲಿ ನಿಂತು ಬಂದಿದ್ದು. ನೀವು ಬೂಟು ನೆನೆಸದೇ ಕಲ್ತುಬಿಟ್ರಲ್ಲ!”

ಸಮೀಕ್ಷಕ ಒಂದು ಹಾಳೆ ಎಳೆದುಕೊಂಡು, ‘ನಾನು ನೀರಿಗೆ ಇಳಿದಿರಲಿಲ್ಲ. ನೋಡದೆ ಬರೆದೆ’ ಎಂದು ಬರೆದು ಸಾಹೇಬರ ಮುಂದಿಟ್ಟ. ಅವರು ಎರಡು ಸಲ ಓದಿದರು, ಅವನ ಮುಖ ನೋಡಲಿಲ್ಲ. ಫೋನೆತ್ತಿ ಯಂತ್ರ ನಿಲ್ಲಿಸಿದರು.

ಅಜ್ಜನೂ ಸಮೀಕ್ಷಕನೂ ಕೆರೆ ಮುಟ್ಟುವಷ್ಟರಲ್ಲಿ ಉಳಿದಿದ್ದು ಒಂದು ಮೂಲೆಯ ಜೊಂಡು. ಕಿತ್ತ ರಾಶಿ ಏರಿಯ ಮೇಲೆ ಬಿಸಿಲಿಗೆ ಬಿದ್ದಿತ್ತು. ಅದರ ಬೇರುಗಳ ನಡುವೆ ಸಣ್ಣದಾಗಿ ಏನೇನೋ ಮಿನುಗಿ, ನೋಡನೋಡುತ್ತಲೇ ಮಂಕಾಗುತ್ತಿತ್ತು.

ಸಮೀಕ್ಷಕ ಬೂಟು ಬಿಚ್ಚುವುದನ್ನೂ ಮರೆತು ಉಳಿದ ಮೂಲೆಯತ್ತ ಇಳಿಯಹೋದ. ಅಜ್ಜ ತೋಳು ಹಿಡಿದು ನಿಲ್ಲಿಸಿದ.

“ಮೆಲ್ಲಗೆ ಸಾರ್. ಕಾಲ ಕೆಳಗೆ ಮರಿ ಇದಾವೆ.”

ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ಸಮೀಕ್ಷಕನಿಗೆ ತಿಳಿಯಲಿಲ್ಲ.