ಹೊಸ್ತಿಲ ಮೇಲೆ ಎಣ್ಣೆಚುಕ್ಕೆ

ಯುದ್ಧಕಾಲದಲ್ಲಿ ಸೀಮೆಎಣ್ಣೆಗೆ ರೇಷನ್ ಬಂದಿತ್ತು. ದುಗ್ಗಪ್ಪನ ಮಾತಿಗೆ ಬಂದಿರಲಿಲ್ಲ. ಗಂಗೊಳ್ಳಿ ಹೊಳೆಯ ಈ ದಂಡೆಯಲ್ಲಿ ಸೀಮೆಎಣ್ಣೆಗೆ ಪಂಪು ಹೊಡೆದು ಉರಿಸುವ ಗ್ಯಾಸ್‌ಲೈಟ್ ಇದ್ದವನು ಅವನೊಬ್ಬನೇ. ಮದುವೆ ದಿಬ್ಬಣಕ್ಕೆ ಅದನ್ನು ಹೊತ್ತು ಹೊರಟನೆಂದರೆ, "ಹಗಲನ್ನೇ ಹೊತ್ಕಂಡ್ ಬತ್ತೆ" ಎನ್ನುತ್ತಿದ್ದ. ಆ ಬೆಳಕಿಗೆ ಕಣ್ಣು ಮುಚ್ಚಿಕೊಂಡವರು ಒಪ್ಪದೆ ಇನ್ನೇನು ಮಾಡಿಯಾರು?

ಆ ವರ್ಷ ದೀಪಾವಳಿ ಕಳೆದ ವಾರ ಉಪ್ಪುನೀರು ತಡೆಯುವ ಮಣ್ಣಿನ ಕಟ್ಟ ಒಡೆದು, ಹೊಳೆ ಅವನ ಅಕ್ಕ ಅಕ್ಕುವಿನ ಗದ್ದೆಗೆ ನುಗ್ಗಿ, ಬಿತ್ತಿದ್ದ ಬೀಜವನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಉಪ್ಪು ನೆಲದಲ್ಲೂ ತೆನೆ ಬಿಡುವ ಭತ್ತ ಅದು. ಊರಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಅಕ್ಕುವಿನ ಬಳಿ ಉಳಿದದ್ದು ಒಂದೇ ಸೇರು. ಇದೂ ಹೋದರೆ ತಳಿಯೇ ಹೋಯಿತು. ಕೋಳಿ, ಗಿಳಿ, ಹೆಗ್ಗಣಗಳಿಗೆ ಹೆದರಿ ಅವಳು ಅಡಿಕೆ ಹಾಳೆಗಳಲ್ಲಿ ಮಣ್ಣು ಹರಡಿ, ಒಳಕೋಣೆಯಲ್ಲಿ ಬಿತ್ತಿದಳು. ಬೆಳಕಿನ ಕೊರತೆ ನೀಗಲೆಂದು ತಮ್ಮ ತನ್ನ ಗ್ಯಾಸ್‌ಲೈಟನ್ನು ಜಂತಿಗೆ ತೂಗುಹಾಕಿ, ಸಂಜೆ ಸಂಜೆ ಉರಿಸಿದ.

ಸಸಿ ಮೊಳೆತು ಅಗೆ ಬಂತು. ನೂಲಿನಷ್ಟು ಸಪೂರ, ಅರಸಿನದಷ್ಟು ಹಳದಿ, ಎಲ್ಲವೂ ದೀಪದ ಕಡೆಗೆ ಬಾಗಿ.

"ಕಾಣ್ ಅಕ್ಕ, ದೀಪಕ್ಕೆ ಹ್ಯಾಂಗೆ ಕೈ ಮುಗಿತೊ!" ಎಂದ ದುಗ್ಗಪ್ಪ.

"ಕೈ ಮುಗಿಯುದಲ್ಲ, ಜೀವ ಬಿಡುದ್ ಅದ್" ಎಂದಳು ಅಕ್ಕು. "ಮಾಷ್ಟ್ರನ್ ಕರಿ."

ಶಾಲೆಯ ದಿನಕರ ಮಾಷ್ಟ್ರು ಭಾನುವಾರ ಮಧ್ಯಾಹ್ನ ಬಂದರು. "ಒಂದ್ ಬಾಟ್ಲಿ ಎಣ್ಣೆ ಎಷ್ಟ್ ಗಂಟೆಗೆ?"

"ಐದ್ ಗಂಟೆ. ಚಿಮಣಿ ದೀಪಕ್ಕಾರೆ ನಲ್ವತ್ತ್. ಆದ್ರೆ ಅದೂ ಒಂದ್ ಬೆಳಕಾ ಮಾರಾಯ್ರೆ? ಮಿಂಚುಹುಳ ಕಂಡ್ರೂ ನೆಗಾಡತ್ತ್."

ಮಾಷ್ಟ್ರು ಬಿಳಿ ಕಾಗದದ ನಡುವೆ ತೆಂಗಿನೆಣ್ಣೆಯ ಒಂದು ಚುಕ್ಕೆ ಇಟ್ಟರು. ಹಿಂದಿನ ಬೆಳಕು ಹೆಚ್ಚಾದರೆ ಚುಕ್ಕೆ ಹೊಳೆಯುತ್ತದೆ, ಮುಂದಿನದು ಹೆಚ್ಚಾದರೆ ಕಪ್ಪಾಗುತ್ತದೆ, ಎರಡೂ ಸಮವಾದರೆ ಮಾಯ. ಕೋಣೆಯ ಬಾಗಿಲು ಹಾಕಿ, ಕಾಗದದಿಂದ ಒಂದು ಮೊಳದಲ್ಲಿ ಚಿಮಣಿ ಇಟ್ಟರು. ಆಚೆ ಬದಿಯಲ್ಲಿ ಗ್ಯಾಸ್‌ಲೈಟ್ ಹಿಂದೆ ಹಿಂದೆ ಸರಿದು ಐದು ಮೊಳಕ್ಕೆ ಹೋದಾಗ ಚುಕ್ಕೆ ಕರಗಿತು.

"ಎಣ್ಣೆ ಎಲ್ಲಿಗ್ ಹೋಯ್ತ್?" ಅಕ್ಕು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ದೂರ ಐದ್ ಪಟ್ಟಾರೆ ಬೆಳಕ್ ಐದೈದ್ಲೆ ಇಪ್ಪತ್ತೈದ್ ಪಟ್ಟ್. ಎಣ್ಣೆ ಕುಡಿಯುದ್ ಎಂಟೇ ಪಟ್ಟ್. ಗೆದ್ದೆ ದುಗ್ಗಪ್ಪ, ಒಂದ್ ಬಾಟ್ಲಿಗೆ ಮೂರ್ ಪಟ್ಟ್ ಲಾಭ."

ದುಗ್ಗಪ್ಪ ಮೀಸೆಗೆ ಕೈ ಹಾಕಿದ. "ಇನ್ನ್ ಹಗಲಿನ ಎದ್ರ್ ಇಟ್ಟ್ ಕಾಣಿ!"

ಮಾಷ್ಟ್ರು ಅಂಗಳದ ಕಡೆಯ ಬಾಗಿಲು ತೆರೆದು ಹೊಸ್ತಿಲ ಮೇಲೆ ಕಾಗದ ನಿಲ್ಲಿಸಿದರು. ಹೊರಗೆ ಬಿಸಿಲಿರಲಿಲ್ಲ, ಬಡಗು ಬದಿಯ ಮಾಡಿನ ಸೂರಿನ ನೆರಳಷ್ಟೇ. ಒಳಗಿನಿಂದ ನೋಡಿದರೆ ಚುಕ್ಕೆ ನಕ್ಷತ್ರದಂತೆ ಉರಿಯುತ್ತಿತ್ತು. ದುಗ್ಗಪ್ಪ ದೀಪವನ್ನು ಎರಡು ಮೊಳಕ್ಕೆ ತಂದ. ಚುಕ್ಕೆ ಉರಿಯುತ್ತಿತ್ತು. ಒಂದು ಗೇಣಿಗೆ ತಂದ. ಉರಿಯುತ್ತಲೇ ಇತ್ತು. ಕೊನೆಗೆ ನಾಲ್ಕು ಬೆರಳಷ್ಟು ಹತ್ತಿರ ತಂದಾಗ ಚುಕ್ಕೆ ಅಳಿಸಿಹೋಯಿತು. ಅಷ್ಟರಲ್ಲಿ ಕಾಗದವೂ ಕಂದಿ ಸುಟ್ಟ ವಾಸನೆ ಬಂತು.

"ಬಿಸಿಲಲ್ಲ ಮತ್ತೆ, ಬರೀ ನೆಳಲ್ ಇದ್" ಎಂದರು ಮಾಷ್ಟ್ರು, ತಮಗೇ ನಂಬಿಕೆ ಬಾರದವರಂತೆ.

ಮೂವರೂ ಹೊರಗೆ ನೋಡಿದರು. ಅಂಗಳ, ತೆಂಗು, ಅದರಾಚೆ ಹೊಳೆ, ಹೊಳೆಯಾಚೆಯ ಗುಡ್ಡ. ದಿನಾ ಕಂಡದ್ದೇ. ಒಂದೊಂದು ಹುಲ್ಲುಗರಿಯ ಮೇಲೂ ಸದ್ದಿಲ್ಲದೆ, ರೇಷನ್ ಕಾರ್ಡಿಲ್ಲದೆ ಬೆಳಕು ಬೀಳುತ್ತಲೇ ಇತ್ತು. ನಲವತ್ತು ವರ್ಷ ಅದರೊಳಗೇ ನಡೆದಾಡಿದ್ದ ದುಗ್ಗಪ್ಪ ಈಗ ದೇವರ ಗರ್ಭಗುಡಿಯೆದುರು ನಿಂತವನಂತೆ ದನಿ ತಗ್ಗಿಸಿದ:

"ಈ ಅಂಗಳದ್ ನೆಳಲಿಗೆ ಎಷ್ಟ್ ಗ್ಯಾಸ್‌ಲೈಟ್ ಬೇಕ್ ಮಾಷ್ಟ್ರೆ?"

"ನಾಲ್ಕ್ ಬೆರಳಿಗೊಂದ್."

"ಆ ಹೊಳಿಗೆ?"

ಮಾಷ್ಟ್ರು ಬೆರಳು ಮಡಿಸಿ ಎಣಿಸತೊಡಗಿದರು.

"ಹ್ವಾಯ್, ಹೊಳಿ ಲೆಕ್ಕ ಆಮೇಲೆ" ಎಂದಳು ಅಕ್ಕು. "ನನ್ ಹಾಳಿ ಎತ್ತಿ."

ಹಾಳೆಗಳೆಲ್ಲ ಹೊರಗೆ ಮಾಡಿನ ಕೆಳಗೆ ಬಂದವು. ಕೋಳಿ, ಗಿಳಿ, ಹೆಗ್ಗಣಗಳಿಗೆ ಅಡ್ಡವಾಗಿ ಮೇಲೊಂದು ಹಳೆಯ ಮೀನುಬಲೆ. ಕೊನೆಯ ಹಾಳೆ ಇಳಿಸಿದ ಮೇಲೆ ದುಗ್ಗಪ್ಪನಿಗೆ ಹಾಳೆಗಳಿಗೆ ದಾರಿಯಾಗಲೆಂದು ಅಂಗಳಕ್ಕೆ ತಂದಿಟ್ಟಿದ್ದ ದೀಪದ ನೆನಪಾಯಿತು. ಉರಿಯುತ್ತಿದೆಯೋ ಆರಿದೆಯೋ ನೋಡಿದರೆ ತಿಳಿಯಲಿಲ್ಲ. ಬಗ್ಗಿ ಗಾಜಿನ ಹತ್ತಿರ ಕೈ ಹಿಡಿದು ನೋಡಬೇಕಾಯಿತು.

ನಾಲ್ಕನೆಯ ದಿನ ಬೆಳಗ್ಗೆ ಅಕ್ಕು ಬಲೆ ಸರಿಸಿದಾಗ ಅಗೆಯ ತುದಿತುದಿಗೂ ಹಸಿರು ಏರಿತ್ತು. ದುಗ್ಗಪ್ಪ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಎಂದಿನಂತೆ ಏನಾದರೂ ಹೇಳುತ್ತಾನೆಂದು ಅವಳು ಕಾದಳು. ಅವನು ತನ್ನ ನೆರಳು ಹಾಳೆಯ ಮೇಲೆ ಬಿದ್ದದ್ದು ಕಂಡು, ಮೆಲ್ಲನೆ ಆಚೆ ಸರಿದು ಕೂತ.